ಶಾಸ್ತ್ರದ ತೊಗರಿ, ಹೊಲದ ತೊಗರಿ

ಒಂದು ವಿಷಯವನ್ನು ಅರಿತಿರುವುದೂ ಒಂದು ಕೆಲಸವನ್ನು ಮಾಡಬಲ್ಲವರಾಗಿರುವುದೂ ಬೇರೆಬೇರೆ ಎಂಬ ಮಾತು ಬಹು ಹಳೆಯದು. ಈ ಭೇದವನ್ನು ದರ್ಶನಗ್ರಂಥಗಳಲ್ಲಿ ಅರಸುವುದಕ್ಕಿಂತ ಒಂದು ಸೀಮೆಯ ಒಂದು ಬೆಳೆಯ ಚರಿತ್ರೆಯಲ್ಲಿ ಅರಸಿದರೆ ಹೆಚ್ಚಿನ ಪ್ರಯೋಜನವುಂಟು. ಏಕೆಂದರೆ ಅಲ್ಲಿ ಶಾಸ್ತ್ರ ತಪ್ಪಿದರೆ ಪಂಡಿತನ ಮಾನದೊಡನೆ ಒಕ್ಕಲುಮಕ್ಕಳ ಒಂದು ವರ್ಷದ ಅನ್ನವೂ ಹೋಗುತ್ತದೆ. ಕಲಬುರಗಿ ಸೀಮೆಗೆ ಆ ಬೆಳೆ ತೊಗರಿ. ತೊಗರಿಯ ಕಣಜವೆಂದು ಹೆಸರಾದ ಈ ಎರೆಭೂಮಿಯಲ್ಲಿ ಆ ಬೆಳೆಯನ್ನು ಕುರಿತ ತಿಳಿವಳಿಕೆ ಹೇಗೆ ಬೆಳೆದುಬಂದಿತು, ಪುಸ್ತಕ ಎಲ್ಲಿ ಮುಂದಾಯಿತು, ಕೈ ಎಲ್ಲಿ ಮುಂದಾಯಿತು, ಎರಡೂ ಒಂದನ್ನೊಂದು ಎಲ್ಲಿ ಕಡೆಗಣಿಸಿದವು ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಇದೇ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದ 9ನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ ಮೂಡಿದ 'ಕವಿರಾಜಮಾರ್ಗ'ವು, ಈ ನಾಡಿನ ಜನರು ವಿಧಿವತ್ತಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರೆಂದು ಕೊಂಡಾಡುತ್ತದೆ. ಕೊಂಡಾಡಿದ ಆ ಗ್ರಂಥ ಮಾತ್ರ ಕಾವ್ಯಶಾಸ್ತ್ರವನ್ನು ವಿಧಿವತ್ತಾಗಿ ಬೋಧಿಸತಕ್ಕ ಗ್ರಂಥ! ಕೃಷಿಯ ವಿಷಯದಲ್ಲಿ ಇದಕ್ಕೆ ಸರಿಜೋಡಿಯಾದುದು, ಕಲ್ಯಾಣದ ಚಾಲುಕ್ಯರ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ 'ಲೋಕೋಪಕಾರ'. ಅಂತರ್ಜಲವನ್ನು ಕಂಡುಹಿಡಿಯುವ ಬಗೆ, ವೃಕ್ಷಾಯುರ್ವೇದ, ಪಶುವೈದ್ಯ, ಸೂಪಶಾಸ್ತ್ರ, ಸುಗಂಧದ್ರವ್ಯಗಳ ಯೋಗ ಇವೆಲ್ಲವೂ ಅದರಲ್ಲಿ ಅಡಕವಾಗಿವೆ. ಇಂಥ ರೋಗಕ್ಕೆ ಇಂಥ ಉಪಚಾರವೆಂದು ಅದು ವಿಧಿಸುತ್ತದೆಯೇ ಹೊರತು ಕಾರಣವನ್ನು ಹೇಳುವ ಗೋಜಿಗೆ ಹೋಗುವುದು ವಿರಳ. ಆ ವಿಧಿಗಳನ್ನು ಮೊದಲು ಮಾಡಿ ನೋಡಿದ ತೋಟಿಗರ, ಗೋವಳರ ಹೆಸರುಗಳಿಗೂ ಅಲ್ಲಿ ಎಡೆಯಿಲ್ಲ. ಕೈಯ ಅನುಭವವು ಗ್ರಂಥಸ್ಥವಾಗುವಾಗ ಮೊದಲು ಕಳೆದುಹೋಗುವವನು ಆ ಕೈಯ ಒಡೆಯನೇ.

ಕಾರಣವನ್ನು ಹುಡುಕುವ ಶಾಸ್ತ್ರ ಬಂದುದು ಬಹಳ ತಡವಾಗಿ. ಹೂಬಿಟ್ಟು ಕಾಯಿಕಟ್ಟುವ ಹೊತ್ತಿಗೆ ಹಸುರಾಗಿದ್ದ ತೊಗರಿಯ ಗಿಡ ನಿಂತಲ್ಲಿಯೇ ಸೊರಗಿ ಒಣಗಿಹೋಗುವ ವ್ಯಾಧಿಗೆ ಈ ಸೀಮೆಯವರು ನೆಟೆರೋಗವೆನ್ನುತ್ತಾರೆ. 1905ರಲ್ಲಿ ಬಿಹಾರದ ಪೂಸಾದಲ್ಲಿ ಸ್ಥಾಪಿತವಾದ ಕೃಷಿ ಸಂಶೋಧನ ಸಂಸ್ಥೆಯ ಶಿಲೀಂಧ್ರತಜ್ಞ ಇ. ಜೆ. ಬಟ್ಲರನು, 1910ರ ವೇಳೆಗೆ, ಮಣ್ಣಿನಲ್ಲಿ ಬದುಕಿದ್ದು ಬೇರಿನ ಮೂಲಕ ಗಿಡವನ್ನು ಹೊಕ್ಕು ನೀರಿನ ನಾಳಗಳನ್ನು ಕಟ್ಟಿಬಿಡುವ ಫ್ಯುಸೇರಿಯಂ ಎಂಬ ಶಿಲೀಂಧ್ರವೇ ಇದಕ್ಕೆ ಕಾರಣವೆಂದು ತೋರಿಸಿಕೊಟ್ಟನು. ಕಾರಣ ತಿಳಿಯಿತು, ಆದರೆ ಕಾರಣ ತಿಳಿದ ಮಾತ್ರಕ್ಕೆ ಯಾವ ಹೊಲದ ಗಿಡವೂ ಮೇಲೇಳಲಿಲ್ಲ, ಮುಂದೆ ಹಲವು ದಶಕಗಳ ಕಾಲ ಅದು ಪ್ರಯೋಗಾಲಯದ ಜ್ಞಾನವಾಗಿಯೇ ಉಳಿಯಿತು. ಇತ್ತ ಶಿಲೀಂಧ್ರವೆಂಬ ಹೆಸರನ್ನೇ ಕೇಳದ ದಖ್ಖನಿನ ರೈತನು ಜೋಳದ ಹೊಲದಲ್ಲಿ ತೊಗರಿಯ ಅಕ್ಕಡಿಸಾಲು ಹಾಕುತ್ತ ಬಂದಿದ್ದನು. ಯಾಕೆಂದು ಕೇಳಿದರೆ, ಮಳೆ ಕೈಕೊಟ್ಟು ಒಂದು ಹೋದರೂ ಇನ್ನೊಂದು ಉಳಿದೀತೆಂದೋ, ಹಿರಿಯರು ಹಾಗೆ ಮಾಡುತ್ತಿದ್ದರೆಂದೋ ಹೇಳಿಯಾನು. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯವರು 1980ರ ದಶಕದಲ್ಲಿ ಇದನ್ನು ಪರೀಕ್ಷಿಸಿ ನೋಡಿದಾಗ, ತೊಗರಿಯೊಂದನ್ನೇ ವರ್ಷವರ್ಷವೂ ಬಿತ್ತಿದ ನೆಲಕ್ಕಿಂತ ಜೋಳದೊಡನೆ ಬಿತ್ತಿದ ನೆಲದಲ್ಲಿ ನೆಟೆಯ ಹಾವಳಿ ಬಹಳ ಕಡಮೆಯೆಂದು ಕಂಡುಬಂದಿತು. ರೈತನ ಕ್ರಮ ಸರಿಯಾಗಿತ್ತು, ಆತ ಕೊಡುತ್ತಿದ್ದ ಕಾರಣ ಅರ್ಧ ಮಾತ್ರ ಸರಿಯಾಗಿತ್ತು. ಅರ್ಧ ಕಾರಣದ ಅಪಾಯವೆಂದರೆ, ಪೇಟೆಯ ಬೆಲೆ ಆಸೆ ತೋರಿಸಿದ ಕ್ಷಣವೇ ಉಳಿದರ್ಧದ ಅರಿವಿಲ್ಲದೆ ಆ ಕ್ರಮವನ್ನು ಬಿಟ್ಟುಬಿಡುವುದು. ಮುಂದೆ ಆದುದೂ ಅದೇ.

ಈ ನಡುವೆ ತತ್ತ್ವಜ್ಞರೂ ಸುಮ್ಮನಿರಲಿಲ್ಲ. ಇಂಗ್ಲೆಂಡಿನ ಗಿಲ್ಬರ್ಟ್ ರೈಲನು 1949ರ ತನ್ನ ಗ್ರಂಥದಲ್ಲಿ, ಕುಶಲಕರ್ಮವೆಂದರೆ ಮೊದಲು ನಿಯಮವನ್ನು ನೆನೆದು ಅನಂತರ ಅದನ್ನು ಜಾರಿಗೆ ತರುವುದೆಂಬ ಕಲ್ಪನೆಯನ್ನು ಖಂಡಿಸಿದನು. ಮೈಕೇಲ್ ಪೊಲಾನ್ಯಿಯು 1966ರಲ್ಲಿ, ಮನುಷ್ಯನು ತಾನು ಹೇಳಬಲ್ಲುದಕ್ಕಿಂತ ಹೆಚ್ಚನ್ನು ಬಲ್ಲನೆಂದು ವಾದಿಸಿದನು. ಕಾಳಿದಾಸನ 'ಮಾಲವಿಕಾಗ್ನಿಮಿತ್ರ'ದಲ್ಲಿ ಇಬ್ಬರು ನಾಟ್ಯಾಚಾರ್ಯರ ಜಗಳವನ್ನು ತೀರ್ಮಾನಿಸಬೇಕಾಗಿ ಬಂದಾಗ ಪರಿವ್ರಾಜಿಕೆ ಆಡುವ ಮಾತು ನನಗೆ ಇವರಿಬ್ಬರಿಗಿಂತಲೂ ಸಮೀಪವೆನಿಸುತ್ತದೆ: ಒಬ್ಬನಲ್ಲಿ ವಿದ್ಯೆ ಆತನಲ್ಲಿಯೇ ನೆಲೆಸಿರುತ್ತದೆ, ಇನ್ನೊಬ್ಬನಿಗೆ ಅದನ್ನು ಪರರಿಗೆ ಸಂಕ್ರಮಿಸುವ ಶಕ್ತಿಯಿರುತ್ತದೆ, ಎರಡೂ ಇದ್ದವನೇ ಆಚಾರ್ಯ. ತೊಗರಿಯ ಕಥೆಯಲ್ಲಿ ಕೊರತೆ ಕಂಡುದು ಈ ಸಂಕ್ರಮಣದಲ್ಲಿಯೇ.

ಶಾಸ್ತ್ರದ ಪಾಲಿಗೆ ಸಲ್ಲಬೇಕಾದ ಕೀರ್ತಿಯೂ ದೊಡ್ಡದು. ಇಕ್ರಿಸ್ಯಾಟಿನ ರೋಗಶಾಸ್ತ್ರಜ್ಞರು ಸಾವಿರಾರು ನಾಟಿ ತಳಿಗಳನ್ನು ತಂದು, ಬೇಕೆಂದೇ ನೆಟೆಯ ಸೋಂಕು ತುಂಬಿಸಿದ ನೆಲದಲ್ಲಿ ಬಿತ್ತಿ, ಸಾಯುವುದನ್ನೆಲ್ಲ ಸಾಯಗೊಟ್ಟು, ಉಳಿದುಕೊಂಡುದನ್ನು ಆರಿಸಿದರು. ಹಾಗೆ ಉಳಿದುಕೊಂಡ ಒಂದು ತಳಿ 1986ರಲ್ಲಿ 'ಮಾರುತಿ' ಎಂಬ ಹೆಸರಿನಿಂದ ಕರ್ನಾಟಕದಲ್ಲಿ ಬಿಡುಗಡೆಯಾಗಿ, ಕೆಲವೇ ವರ್ಷಗಳಲ್ಲಿ ಕಲಬುರಗಿಯ ತೊಗರಿಹೊಲಗಳ ಬಹುಭಾಗವನ್ನು ವ್ಯಾಪಿಸಿತು. ನೂರು ತಲೆಮಾರಿನ ಕೈಚಳಕ ಸೇರಿದರೂ ಇಂಥ ಆಯ್ಕೆಯನ್ನು ಇಷ್ಟು ಅಲ್ಪಕಾಲದಲ್ಲಿ ಸಾಧಿಸಲು ಆಗುತ್ತಿರಲಿಲ್ಲ. ಈ ರೋಗಸಂಶೋಧನೆಯ ಮುಂದಾಳುಗಳಲ್ಲೊಬ್ಬರಾದ ವೈ. ಎಲ್. ನೆನೆಯವರು ಮುಂದೆ ಪ್ರಾಚೀನ ಕೃಷಿಗ್ರಂಥಗಳ ಪ್ರಕಟನೆಗಾಗಿಯೇ ಒಂದು ಪ್ರತಿಷ್ಠಾನವನ್ನು ಕಟ್ಟಿದರು. ಚಾವುಂಡರಾಯನ 'ಲೋಕೋಪಕಾರ'ವು 2006ರಲ್ಲಿ ಇಂಗ್ಲಿಷಿಗೆ ಬಂದುದು ಆ ಪ್ರತಿಷ್ಠಾನದಿಂದಲೇ. ಕನ್ನಡಿಗರು ಮರೆತಿದ್ದ ಕನ್ನಡ ಕೃಷಿಗ್ರಂಥವನ್ನು ತೊಗರಿಯ ವೈದ್ಯರೊಬ್ಬರು ಜಗತ್ತಿಗೆ ಕಾಣಿಸಿದರೆಂಬುದು ನಮಗೆ ಸಂತೋಷದ ಜೊತೆಗೆ ತುಸು ಸಂಕೋಚವನ್ನೂ ತರತಕ್ಕ ಸಂಗತಿ.

ಆದರೆ ಬೀಜ ಹಳ್ಳಿಗೆ ಬಂದಷ್ಟು ಸುಲಭವಾಗಿ ಅದರ ಹಿಂದಿನ ವಿಚಾರ ಬರಲಿಲ್ಲ. ಜೋಳ ಹಿಂದೆ ಸರಿಯಿತು, ತೊಗರಿಯ ಮೇಲೆ ತೊಗರಿ ಬಿದ್ದಿತು. ಕಾಯಿಕೊರಕಕ್ಕೆ, ಇಲ್ಲಿಯವರ ಮಾತಿನಲ್ಲಿ ಕೀಡಿಗೆ, ಸಿಂಪಡಿಸಿದ ಔಷಧಗಳನ್ನು ಆ ಹುಳು ಜೀರ್ಣಿಸಿಕೊಳ್ಳಲು ಕಲಿಯಿತು; 1997–98ರ ಹಂಗಾಮಿನಲ್ಲಿ ಬೀದರ, ಕಲಬುರಗಿಗಳ ಬೆಳೆ ಹಾಳಾಗಿ, ಸಾಲದ ಹೊರೆಯಿಂದ ರೈತರು ಪ್ರಾಣ ಕಳೆದುಕೊಂಡ ವಾರ್ತೆಗಳು ನಾಡನ್ನು ನಡುಗಿಸಿದವು. ಆಗ ನೆನಪಿಗೆ ಬಂದುದು ಹಳೆಯ ಕಾಲದ ಒಂದು ಉಪಾಯ. ಇಬ್ಬರು ಸಾಲಿನ ನಡುವೆ ಹಾಳೆಯನ್ನು ಹಾಸಿ ಎಳೆದುಕೊಂಡು ಹೋಗುವುದು, ಮತ್ತೊಬ್ಬನು ಗಿಡವನ್ನು ಹಿಡಿದು ಅಲುಗಿಸುವುದು, ಬಿದ್ದ ಹುಳುಗಳನ್ನು ಕೂಡಿಹಾಕಿ ನಾಶಮಾಡುವುದು, ಇಷ್ಟೆ. ವಿಜ್ಞಾನಿಗಳು ಎಣಿಸಿ ನೋಡಿದರೆ ಹುಳುಗಳಲ್ಲಿ ಹೆಚ್ಚಿನವು ಕೆಳಗೆ ಬೀಳುತ್ತಿದ್ದವು. ಅವರು ಮುಂದುವರಿದು, ಹಾಗೆ ಕೂಡಿದ ಹುಳುಗಳಿಗೇ ಒಂದು ವೈರಾಣುವನ್ನು ತಗುಲಿಸಿ, ಸತ್ತವುಗಳಿಂದ ತೆಗೆದ ದ್ರಾವಣವನ್ನು ಹೊಲಕ್ಕೆ ಸಿಂಪಡಿಸುವ ವಿಧಾನವನ್ನೂ ಹಳ್ಳಿಗರಿಗೆ ಕಲಿಸಿದರು. ಗಿಡವನ್ನು ಎಷ್ಟು ಬಲವಾಗಿ ಅಲುಗಿಸಿದರೆ ಹುಳು ಬೀಳುತ್ತದೆ, ಹೂ ಉದುರುವುದಿಲ್ಲ ಎಂಬುದು ಕೈಗೆ ಗೊತ್ತು. ವೈರಾಣುವಿನ ವಿಷಯ ಕೈಗೆ ಎಂದಿಗೂ ಗೊತ್ತಾಗುವಂತಿರಲಿಲ್ಲ. ಈ ಸಮಗ್ರ ಚರಿತ್ರೆಯಲ್ಲಿ ಶಾಸ್ತ್ರವೂ ಕೌಶಲವೂ ಸರಿಸಮನಾಗಿ ಕುಳಿತ ಪ್ರಸಂಗ ಇದಕ್ಕಿಂತ ಉತ್ತಮವಾದುದು ನನಗೆ ಕಾಣದು.

ಸಂಸ್ಥೆಗಳ ಮಾತನ್ನು ಸಂಕ್ಷೇಪಿಸಬಹುದು. ಮಾಡಿ ಕಲಿಯುವ ತತ್ತ್ವದ ಮೇಲೆ ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ 1974ರಲ್ಲಿ ಪುದುಚೇರಿಯಲ್ಲಿ ಆರಂಭವಾಯಿತು. 1979ರಲ್ಲಿ ಪ್ರಯೋಗಾಲಯದಿಂದ ಹೊಲಕ್ಕೆ ಎಂಬ ಕಾರ್ಯಕ್ರಮ ಬಂದಿತು. 1989ರಲ್ಲಿ ಇಂಡೊನೇಷ್ಯದ ಭತ್ತದ ಗದ್ದೆಗಳಲ್ಲಿ ಹುಟ್ಟಿದ ರೈತರ ಹೊಲಶಾಲೆ ನಮ್ಮಲ್ಲಿಗೂ ಹಬ್ಬಿತು. ಕಲಬುರಗಿಯ ಸಂಶೋಧನ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ, ಕೃಷಿ ಮಹಾವಿದ್ಯಾಲಯ ಮೂರೂ ಇಂದು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಆಶ್ರಯದಲ್ಲಿವೆ. ತೊಗರಿಯ ಕುಡಿ ಚಿವುಟಿದರೆ ಪಕ್ಕದ ಕೊಂಬೆಗಳು ಹೆಚ್ಚುತ್ತವೆಂಬುದನ್ನು ಹೊಲದಲ್ಲಿಯೇ ಮಾಡಿತೋರಿಸಿದುದು ಇಂಥ ಕೇಂದ್ರಗಳ ಒಳ್ಳೆಯ ಕೆಲಸ. ಪ್ರಯೋಗಾಲಯದಿಂದ ಹೊಲಕ್ಕೆ ಎಂಬ ಹೆಸರಿನಲ್ಲಿ ದಾರಿ ಒಮ್ಮುಖವಾಗಿರುವುದನ್ನು ಮಾತ್ರ ಗಮನಿಸಬೇಕು. 2022–23ರಲ್ಲಿ ನೆಟೆ ಮತ್ತೆ ಜಿಲ್ಲೆಯ ತೊಗರಿಯನ್ನು ಒಣಗಿಸಿದಾಗ, ಜೋಳದ ಸಾಲು ಬಿಟ್ಟುದರ ಬೆಲೆಯನ್ನು ಲೆಕ್ಕಹಾಕಬೇಕೆಂದು ಎಷ್ಟು ಮಂದಿಗೆ ತೋರಿತು?

ಹೊಲದಿಂದ ನಗರಕ್ಕೆ ಬಂದರೆ, ಕಲಬುರಗಿಯ ದಾಲ್ ಮಿಲ್ಲುಗಳಲ್ಲಿ ಇದೇ ವ್ಯಾಜ್ಯದ ಇನ್ನೊಂದು ಮುಖ ಕಾಣುತ್ತದೆ. ತೊಗರಿಯ ಸಿಪ್ಪೆಗೂ ಬೇಳೆಗೂ ನಡುವೆ ಅಂಟಿನ ಪದರವೊಂದಿದ್ದು, ಬೇರೆ ಕಾಳುಗಳಷ್ಟು ಸುಲಭವಾಗಿ ಅದರ ಸಿಪ್ಪೆ ಬಿಡುವುದಿಲ್ಲ. ಮನೆಗಳಲ್ಲಿ ಕಾಳನ್ನು ನೆನೆಸಿ, ಕೆಮ್ಮಣ್ಣು ಹಚ್ಚಿ, ಒಣಗಿಸಿ, ಬೀಸುವ ಕಲ್ಲಿನಲ್ಲಿ ಒಡೆಯುತ್ತಿದ್ದರು. ಗಿರಣಿಗಳಲ್ಲಿ ಕಾಳಿನ ಮೈಯನ್ನು ಗೀರಿ, ಎಣ್ಣೆ ಸವರಿ, ರಾಶಿಹಾಕಿ, ಅಂಗಳದ ಬಿಸಿಲಿಗೆ ಹರವುವ ಪದ್ಧತಿ ಬಂದಿತು. ಹಳೆಯ ಪದ್ಧತಿಗಳಲ್ಲಿ ಕಾಳಿನ 100 ಭಾಗಕ್ಕೆ 70ರಿಂದ 75 ಭಾಗ ಬೇಳೆ ದೊರೆತರೆ ಹೆಚ್ಚು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದವರು ಬಿಸಿಗಾಳಿಯಿಂದ ಕಾಳನ್ನು ಹದಗೊಳಿಸುವ ಕ್ರಮವನ್ನು ರೂಪಿಸಿ ಅದನ್ನು 80ರ ಆಸುಪಾಸಿಗೆ ಏರಿಸಿದರು. ಇದು ಶುದ್ಧ ಲಾಭ, ಸಂದೇಹವಿಲ್ಲ. ಆದರೂ ಎರೆಯ ಕಾಳು, ಮಸಬಿನ ಕಾಳು, ಹಳೆಯ ಕಾಳು, ಮಳೆಗೆ ಸಿಕ್ಕಿದ ಕಾಳು ಇವೆಲ್ಲವೂ ಒಂದೇ ಶಾಖಕ್ಕೆ ಒಂದೇ ರೀತಿ ಬಾಗುವುದಿಲ್ಲ. ಹಿಡಿಯಲ್ಲಿ ಉಜ್ಜಿ, ಹಲ್ಲಿನಲ್ಲಿ ಕಡಿದು ಹದ ಹೇಳಬಲ್ಲ ಹಳೆಯ ಕೆಲಸಗಾರನ ತೀರ್ಪಿಗೆ ಅಲ್ಲಿ ಬೆಲೆಯುಂಟು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆ ಕಡತದಲ್ಲಿ ಮಣ್ಣಿನ ಗುಣ ಬರೆಯಬಹುದು. ಆ ಕೆಲಸಗಾರನ ಹಲ್ಲಿನ ಜ್ಞಾನವನ್ನು ಯಾರು ಬರೆದಾರು?

ಹುಮನಾಬಾದಿನ ಮಾರ್ಗದಲ್ಲಿ ಸಿಗುವ ಕಮಲಾಪುರದ ಕೆಂಪುಬಾಳೆಗೂ ಅದೇ ಮಾನ್ಯತೆಯಿದೆ. ಶ್ರೀಮಂತರ ಹಣ್ಣೆಂದು ಹೆಸರಾದ ಇದು ಗೊನೆ ಕೊಡಲು ಸುಮಾರು ಒಂದೂವರೆ ವರ್ಷ ಬೇಕು. ಕಂದನ್ನು ಆರಿಸುವಾಗಿನ ತಪ್ಪು ತಿಳಿಯುವುದು ಅಷ್ಟು ಕಾಲ ಕಳೆದ ಮೇಲೆ. ಈ ಜಾತಿಯ ಬಾಳೆ ಆಗಾಗ ಕೆಂಪು ಬಿಟ್ಟು ಹಸುರಿಗೆ ತಿರುಗುವುದುಂಟು, ಅಂಗಾಂಶ ಕೃಷಿಯಲ್ಲಿಯೂ ಆ ದೋಷ ತಲೆದೋರುತ್ತದೆ. ಗಿಡದ ಪದರಗಳಲ್ಲಿ ಎರಡು ಬಗೆಯ ಕೋಶಗಳು ಬೆರೆತಿರುವುದೇ ಇದರ ಕಾರಣವೆಂದು ಶಾಸ್ತ್ರ ವಿವರಿಸುತ್ತದೆ. ತಾಯಿಗಿಡದ ಬಣ್ಣ ನೋಡಿ, ಕಿರಿದಾದ ಎಲೆಯ ಗಟ್ಟಿಕಂದನ್ನೇ ಅಗೆದು ತೆಗೆಯುವ ವಿವೇಕ ತೋಟದವನದು.

ಕೃಷಿಪದವಿಯ ವಿದ್ಯಾರ್ಥಿಗಳು ಈಗ ಕೊನೆಯ ವರ್ಷದಲ್ಲಿ ಹಳ್ಳಿಗಳಲ್ಲಿ ತಂಗಿ ಕಾರ್ಯಾನುಭವ ಪಡೆಯಬೇಕೆಂಬ ನಿಯಮವಿದೆ. ನಿಯಮ ಒಳ್ಳೆಯದು, ಆದರೆ ಅಲ್ಲಿಯೂ ಅಂಕ ಕೊಡುವವರು ಅಧ್ಯಾಪಕರೇ. ಕಮಲಾಪುರದ ತೋಟಗಾರನನ್ನೂ ದಾಲ್ ಮಿಲ್ಲಿನ ಹಳೆಯ ಕೆಲಸಗಾರನನ್ನೂ ಗೌರವಧನವಿತ್ತು ಪರೀಕ್ಷಕರ ಪೀಠದಲ್ಲಿ ಕೂಡಿಸಬೇಕು, ಅವರು ನೋಡಿ ಹೇಳುವ ಹದವನ್ನು ವಿದ್ಯಾರ್ಥಿಗಳಿಂದ ಬರೆಯಿಸಿ ಸಂಗ್ರಹಿಸಬೇಕು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ದೊಡ್ಡ ಅನುದಾನವೂ ಬೇಕಿಲ್ಲ. ಕಲಬುರಗಿಯ ವಿದ್ಯಾಸಂಸ್ಥೆಗಳು ಮುಂದಿನ ಹಂಗಾಮಿನಿಂದಲೇ ಇದನ್ನು ಆರಂಭಿಸಲಿ.