ಮುರ್ಗಿ, ಮಣಿ ಮತ್ತು ಮೂರು ಪಟ್ಟಿ

ಕಸೂತಿ ಬಲ್ಲವರಿಗೆ ಮುರ್ಗಿಯನ್ನು ಪರಿಚಯಿಸಬೇಕಾಗಿಲ್ಲ. ಧಾರವಾಡದ ಕಡೆ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆಗಳನ್ನು ಹೇಳುತ್ತಾರೆ. ಗವಂತಿ ನೆಟ್ಟಗೆ ಹೋಗುತ್ತದೆ. ಮುರ್ಗಿ ಮೆಟ್ಟಿಲಿನಂತೆ ಏರಿ, ಇಳಿದು, ಮತ್ತೆ ಏರುತ್ತದೆ. ಗುರುತು ಹಾಕಿಕೊಳ್ಳುವಂತಿಲ್ಲ, ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ಗಂಟು ಹಾಕುವಂತಿಲ್ಲ, ಏಕೆಂದರೆ ಸೆರಗನ್ನು ಮಗುಚಿದರೂ ಅದೇ ಚಿತ್ತಾರ ಕಾಣಬೇಕು. ಒಂದು ಎಳೆ ಲೆಕ್ಕ ತಪ್ಪಿದರೆ ಗೋಪುರದ ಶಿಖರ ಒಂದು ಬದಿಗೆ ವಾಲುತ್ತದೆ, ಅಲ್ಲಿಯವರೆಗಿನ ಕೆಲಸವನ್ನೆಲ್ಲ ಬಿಚ್ಚಬೇಕಾಗುತ್ತದೆ.

ಹೀಗೆ ಇಳಿದು ಏರುವ ಗೆರೆಯನ್ನು ಯಾರು ಮೊದಲು ಎಳೆದರೆಂದು ಹುಡುಕುವುದರಲ್ಲಿ ಅರ್ಥವಿಲ್ಲ. ಬುಟ್ಟಿ ಹೆಣೆದ ಕೈಗಳಿಗೆಲ್ಲ ಅದು ತಾನಾಗಿಯೇ ಬಂದಿರಬೇಕು. ಈಜಿಪ್ಟಿನ ಚಿತ್ರಲಿಪಿಯಲ್ಲಿ ಇಂಥ ಅಂಕುಡೊಂಕು ಗೆರೆ ನೀರಿನ ಗುರುತು. ಇಂಗ್ಲೆಂಡಿನಲ್ಲಿ 1093ರಲ್ಲಿ ಕಟ್ಟಲಾರಂಭಿಸಿದ ಡರಂ ಚರ್ಚಿನ ಕಮಾನುಗಳಲ್ಲೂ ಕಂಬಗಳಲ್ಲೂ ಅದನ್ನೇ ಕಲ್ಲಿನಲ್ಲಿ ಕೊರೆದಿದ್ದಾರೆ. ಯುರೋಪಿನವರು ಇದನ್ನು ಶೆವ್ರಾನ್ ಎನ್ನುತ್ತಾರೆ. ಫ್ರೆಂಚಿನಲ್ಲಿ ಆ ಮಾತಿಗೆ ಮನೆಯ ಮಾಡಿಗೆ ಎರಡು ಕಡೆಯಿಂದ ಓರೆಯಾಗಿ ಕೊಡುವ ಮರ ಎಂದು ಅರ್ಥ. ಮಾತಿನ ಬೇರು ಆಡಿಗೆ ಇರುವ ಲ್ಯಾಟಿನ್ ಪದದಲ್ಲಿದೆಯಂತೆ. ಮಾಡಿಗೂ ಆಡಿಗೂ ಏನು ನಂಟೋ!

ಸರದಾರರ ಗುರಾಣಿಗಳ ಮೇಲಿದ್ದ ಈ ಗುರುತು ಆಮೇಲೆ ಸಿಪಾಯಿಯ ತೋಳಿಗೆ ಬಂತು. 18ನೇ ಶತಮಾನದ ಫ್ರೆಂಚ್ ಸೈನ್ಯದಲ್ಲಿ ಅದು ಸೇವೆಯ ವರ್ಷಗಳನ್ನು ಹೇಳುತ್ತಿತ್ತು. ಬ್ರಿಟಿಷರು 1802ರಲ್ಲಿ ಅದನ್ನು ದರ್ಜೆಯ ಗುರುತು ಮಾಡಿದರು. ಇಂದಿಗೂ ನಮ್ಮ ಸೈನ್ಯದಲ್ಲಿ ಲ್ಯಾನ್ಸ್ ನಾಯಕನಿಗೆ ಒಂದು, ನಾಯಕನಿಗೆ ಎರಡು, ಹವಾಲ್ದಾರನಿಗೆ ಮೂರು ಪಟ್ಟಿ. ಪೊಲೀಸ್ ಠಾಣೆಯ ಹೆಡ್ ಕಾನ್‌ಸ್ಟೇಬಲ್ ತೋಳಿನ ಮೇಲೂ ಮೂರು. ನಮ್ಮಲ್ಲಿ ತುದಿ ಕೆಳಕ್ಕೆ, ಅಮೆರಿಕದ ಸೈನ್ಯದಲ್ಲಿ ಮೇಲಕ್ಕೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಒಂದು ಮಣಿಯ ಕಥೆ. ವೆನಿಸ್ ಪಕ್ಕದ ಮುರಾನೋ ದ್ವೀಪ ಗಾಜಿನ ಕೆಲಸಕ್ಕೆ ಹೆಸರಾದದ್ದು. ಅಲ್ಲಿನ ಹೆಸರಾಂತ ಕುಶಲಿ ಆಂಜೆಲೊ ಬರೋವಿಯೆರ್‌ಗೆ ಮರಿಯೆತ್ತಾ ಎಂಬ ಮಗಳಿದ್ದಳು. ತನ್ನ ಕೆಲಸಕ್ಕೆಂದೇ ಒಂದು ಸಣ್ಣ ಕುಲುಮೆ ಕಟ್ಟಿಕೊಳ್ಳಲು ಅವಳಿಗೆ 1487ರಲ್ಲಿ ವೆನಿಸ್ಸಿನ ಆಡಳಿತದಿಂದ ಅನುಮತಿ ಸಿಕ್ಕಿತು. ಗಂಡಸರ ಕುಲುಮೆಗಳ ನಡುವೆ ಹೆಂಗಸಿಗೊಂದು ಕುಲುಮೆ! ರೊಸೆತ್ತಾ ಎಂಬ ಮಣಿಯನ್ನು ರೂಪಿಸಿದವಳು ಅವಳೇ ಎಂದು ಹೇಳುತ್ತಾರೆ. ಬಿಸಿ ಗಾಜನ್ನು ನಕ್ಷತ್ರದ ಅಚ್ಚಿಗೆ ಒತ್ತಿ, ಮೇಲೆ ಇನ್ನೊಂದು ಬಣ್ಣ ಹೊದಿಸಿ, ಮತ್ತೆ ಒತ್ತಿ, ಕೊನೆಗೆ ಉದ್ದನೆಯ ಕಡ್ಡಿಯಾಗಿ ಎಳೆದು ತುಂಡರಿಸುತ್ತಿದ್ದರು. ಮೊದಲ ಕಾಲದ ಮಣಿಗಳಲ್ಲಿ ನೀಲಿ, ಬಿಳಿ, ಕೆಂಪುಗಳ ಏಳು ಪದರಗಳಿರುತ್ತಿದ್ದವು. ತುಂಡಿನ ಎರಡೂ ತುದಿಗಳನ್ನು ಓರೆಯಾಗಿ ಉಜ್ಜಿದರೆ ಒಳಗಿನ ಪದರಗಳು ಹೊರಗೆ ಇಣುಕಿ, ಮಣಿಯ ಸುತ್ತ ನಮ್ಮ ಮುರ್ಗಿಯಂಥದೇ ಅಂಕುಡೊಂಕು ಅಂಚು ಮೂಡುತ್ತದೆ.

ಈ ಚೆಲುವಾದ ಮಣಿಗಳು ಸ್ಪೇನಿನವರ ಹಡಗುಗಳಲ್ಲಿ ಅಮೆರಿಕಕ್ಕೆ ಹೋದವು. ಫ್ಲಾರಿಡಾದಲ್ಲೂ ಪೆರುವಿನಲ್ಲೂ ನೆಲ ಅಗೆದಾಗ ಸಿಕ್ಕಿವೆ. ಆಫ್ರಿಕಕ್ಕೆ ಹೋದವು ಚಿನ್ನಕ್ಕೆ, ದಂತಕ್ಕೆ ಬದಲಾಗಿ ಕೊಡಲು, ಮನುಷ್ಯರಿಗೆ ಬದಲಾಗಿಯೂ ಕೊಡಲು. ಹಗ್ಗಕ್ಕೆ ಪೋಣಿಸಿದ ಗಾಜು ಕೊಟ್ಟು ಯಾರದೋ ಮಗಳನ್ನು ಕೊಂಡರೆಂದು ಓದಿದ ಮೇಲೆ ಆ ಮಣಿಯ ಚಿತ್ರವನ್ನು ನಾನು ಮೊದಲಿನಂತೆ ನೋಡಲಾರೆ. ಮರಿಯೆತ್ತಾಗೆ ಇದು ಗೊತ್ತಿದ್ದಿರಲಿಕ್ಕಿಲ್ಲ. ಅವಳು ಬಣ್ಣದ ಪದರ ಕೆಡದಂತೆ ನೋಡಿಕೊಂಡಳು, ಅಷ್ಟೆ. ಪಶ್ಚಿಮ ಆಫ್ರಿಕದಲ್ಲಿ ಅವೇ ಮಣಿಗಳು ಮುಂದೆ ಮುಖಂಡರ ಕೊರಳ ಸೊತ್ತಾಗಿ, ಮನೆತನದ ಆಸ್ತಿಯಾಗಿ ಕೈಯಿಂದ ಕೈಗೆ ಬಂದವು.

ನಮ್ಮ ಕಸೂತಿಯಲ್ಲಿ ಮರಿಯೆತ್ತಾಳಂಥ ಒಂದು ಹೆಸರೂ ಸಿಗುವುದಿಲ್ಲ. ಕಪ್ಪು ಚಂದ್ರಕಾಳಿ ಸೀರೆಯನ್ನು ಮದುವೆಗೆ ಕೊಡುವಾಗ ಇಳಕಲ್ಲಿನದೇ ಅಲ್ಲವೇ, ರೇಷ್ಮೆ ಸೆರಗೇ ಎಂದು ವಿಚಾರಿಸುತ್ತಾರೆ. ಸೂಜಿ ಹಿಡಿದವರು ಯಾರೆಂದು ಕೇಳುವುದು ಕಡಿಮೆ. ಈಗ ಎಳೆ ಎಣಿಸಲು ಬಾರದ ನಯವಾದ ಸೀರೆಗಳ ಮೇಲೂ ಕಸೂತಿ ಹಾಕುತ್ತಾರೆ. ಸೀರೆಯ ಮೇಲೆ ಜಾಳಿಯಂಥ ಬಟ್ಟೆ ಟಾಕು ಹಾಕಿ, ಅದರ ಎಳೆಗಳನ್ನು ಎಣಿಸಿ ಹೊಲಿಯುತ್ತಾರೆ. ಕೆಲಸ ಮುಗಿದ ಮೇಲೆ ಹೊಲಿಗೆ ಸಡಿಲವಾಗದಂತೆ ಆ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ಒಂದು ಸೆರಗಿಗೆ ಇದೊಂದೇ ಕೆಲಸ ಎಷ್ಟು ಹೊತ್ತು ಹಿಡಿಯುತ್ತದೆಂದು ಮಾಡಿದವರನ್ನೇ ಕೇಳಬೇಕು.