ಹಳೆಯ ಸೈಕಲ್ ಗಾಲಿಗೆ ಒಳ್ಳೆಯ ಹಬ್ ಆರಿಸುವುದು ಹೇಗೆ?

ನಂಜನಗೂಡು, ತಿ. ನರಸೀಪುರ ಕಡೆಯ ಹೆಮ್ಮರಗಾಲದಂತಹ ಊರುಗಳಲ್ಲಿ ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತು ದುಡಿದ ಕಪ್ಪು ಸೈಕಲ್ಲುಗಳು ಈಗ ಎಷ್ಟೋ ಮನೆಗಳ ಹಿತ್ತಿಲಲ್ಲಿ ಒರಗಿ ನಿಂತಿವೆ. ತಾತನ ಸೈಕಲ್ಲನ್ನು ಮತ್ತೆ ಓಡಿಸಬೇಕೆಂದು ಹೊರಟವರಿಗೆ ಮೊದಲ ತೊಡಕು ಗಾಲಿಯದೇ. ರಿಮ್, ಕಡ್ಡಿ, ಟೈರು ಹೊಸದು ಸಿಗುತ್ತವೆ. ಇವೆಲ್ಲವನ್ನೂ ಹಿಡಿದು ನಿಲ್ಲಿಸುವ ನಡುವಿನ ಹಬ್ ಯಾವುದಿರಬೇಕು ಎಂಬುದನ್ನು ನಾವಿಲ್ಲಿ ನೋಡೋಣ.

ಹಬ್ ಮಾಡುವ ಕೆಲಸವೇನು?

ಸೈಕಲ್ ಕಡ್ಡಿಗಳು ಕಂಬದಂತೆ ಭಾರ ಹೊರುವುದಿಲ್ಲ. ಅಷ್ಟು ತೆಳುವಾದ ತಂತಿಯನ್ನು ಒತ್ತಿದರೆ ಅದು ಬಾಗುತ್ತದೆ. ಆದ್ದರಿಂದ ಗಾಲಿ ಕಟ್ಟುವಾಗಲೇ ಎಲ್ಲ ಕಡ್ಡಿಗಳನ್ನೂ ಬಿಗಿಯಾಗಿ ಎಳೆದಿರುತ್ತಾರೆ. ಸವಾರ ಕುಳಿತಾಗ ನೆಲದ ಕಡೆಗಿರುವ ಕಡ್ಡಿಗಳ ಎಳೆತ ಸ್ವಲ್ಪ ಸಡಿಲವಾಗುತ್ತದೆ, ಗಾಲಿ ಉರುಳಿದಂತೆ ಅವು ಮತ್ತೆ ಬಿಗಿಯಾಗುತ್ತವೆ. ಈ ಎಳೆದಾಟವನ್ನೆಲ್ಲ ತಡೆದುಕೊಳ್ಳುವುದು ಹಬ್ಬಿನ ಎರಡು ಬದಿಯ ತೂತುಗಳಿರುವ ಬಿಲ್ಲೆಗಳು. ಒಂದು ಬಿಲ್ಲೆ ಸೀಳಿದರೆ ಗಾಲಿ ಸೊಟ್ಟಗಾಗುತ್ತದೆ. ಮುಂದಿನ ಗಾಲಿಯಲ್ಲಿ ಹೀಗಾದರೆ ಸವಾರ ಬೀಳಬಹುದು.

"ಇಂಗ್ಲೆಂಡ್ ಮಾಲು, ಕಣ್ಣು ಮುಚ್ಚಿ ಕೊಳ್ಳಿ"

ಇದು ಪೂರ್ತಿ ನಿಜವಲ್ಲ. ರ್‍ಯಾಲಿ ಎಂದು ಬರೆದಿದ್ದ ಮಾತ್ರಕ್ಕೆ ಸೈಕಲ್ಲು ನಾಟಿಂಗ್‌ಹ್ಯಾಮ್‌ನದ್ದೇ ಆಗಬೇಕಿಲ್ಲ. ಪಶ್ಚಿಮ ಬಂಗಾಳದ ಆಸನ್‌ಸೋಲ್‌ನಲ್ಲಿ ಸೆನ್-ರ್‍ಯಾಲಿ ಕಾರ್ಖಾನೆ ಅದೇ ಹೆಸರಿನ ಸೈಕಲ್ಲು ತಯಾರಿಸುತ್ತಿತ್ತು. ಹರ್ಕ್ಯುಲಿಸ್ ಕೂಡ ಹುಟ್ಟಿದ್ದು ಬರ್ಮಿಂಗ್‌ಹ್ಯಾಮ್‌ನಲ್ಲಾದರೂ, 1949ರಲ್ಲಿ ಶುರುವಾದ ಮದರಾಸಿನ ಟಿಐ ಸೈಕಲ್ಸ್ ಅದನ್ನು ಇಲ್ಲಿಯೇ ಮಾಡತೊಡಗಿತು. ಅಸಲಿ ಇಂಗ್ಲಿಷ್ ಹಬ್ ಸಿಕ್ಕರೂ, ಐವತ್ತು ವರ್ಷ ಕೆಸರಿನಲ್ಲಿ ಓಡಿದ್ದರೆ ಒಳಗೆ ಸವೆದಿರಬಹುದು. ಹೆಸರಿಗಿಂತ ಹಬ್ಬಿನ ಈಗಿನ ಸ್ಥಿತಿ ಮುಖ್ಯ.

ಅಂಗಡಿಗೆ ಹೋಗುವ ಮೊದಲು ಅಳೆಯಿರಿ

• ತೂತುಗಳ ಲೆಕ್ಕ: ಹಳೆಯ ಕಪ್ಪು ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದೆ 32, ಹಿಂದೆ 40 ಕಡ್ಡಿ. ಬೇರೆ ಅನೇಕ ಸೈಕಲ್ಲುಗಳಲ್ಲಿ ಎರಡೂ ಕಡೆ 36. ರಿಮ್ಮಿನಲ್ಲಿ ಎಷ್ಟಿವೆಯೋ ಹಬ್ಬಿನಲ್ಲೂ ಅಷ್ಟೇ ಇರಬೇಕು. ಕೆಲವು ತೂತು ಖಾಲಿ ಬಿಟ್ಟು ಕಟ್ಟಿದರೆ ಎಳೆತ ಸಮನಾಗಿ ಹಂಚಿಕೆಯಾಗದೆ ಗಾಲಿ ಬೇಗ ಬೆಂಡಾಗುತ್ತದೆ.
• ಅಗಲ: ಹಳೆಯ ಸೈಕಲ್ಲಿನ ಹಿಂಬದಿಯಲ್ಲಿ ಹಬ್ ಕೂರುವ ಜಾಗ ಸುಮಾರು 110ರಿಂದ 115 ಮಿ.ಮೀ. ಇಂದಿನ ಗೇರ್ ಸೈಕಲ್ಲಿನ ಹಬ್ಬಿಗೆ ಹೆಚ್ಚಾಗಿ 130 ಅಥವಾ 135 ಮಿ.ಮೀ. ಬೇಕು. ಬಲವಂತವಾಗಿ ತುರುಕಿದರೆ ಫ್ರೇಮ್ ಹಾಳಾಗುತ್ತದೆ.
• ಬಿಲ್ಲೆಯ ಸುತ್ತಳತೆ: ಇದು ಬದಲಾದರೆ ಕಡ್ಡಿಯ ಉದ್ದವೂ ಬದಲಾಗುತ್ತದೆ. ಹಬ್ ಕೈಗೆ ಬಂದ ಮೇಲೆಯೇ ಕಡ್ಡಿ ಕೊಳ್ಳಿ.

ಕೈಯಲ್ಲೇ ಪರೀಕ್ಷೆ

ಆಕ್ಸಲ್ಲನ್ನು ಎರಡು ಬೆರಳಲ್ಲಿ ಹಿಡಿದು ನಿಧಾನ ತಿರುಗಿಸಿ. ಮರಳು ಅರೆದಂತೆ ಅನಿಸಿದರೆ ಬಿಚ್ಚಿಸಿ ನೋಡಿ. ಕೋನ್, ಬಾಲ್ಸ್, ಆಕ್ಸಲ್ ಸವೆದಿದ್ದರೆ ಚಿಂತೆಯಿಲ್ಲ, ಅವನ್ನು ಬದಲಿಸಬಹುದು. ಬಾಲ್ಸ್ ಸಾಮಾನ್ಯವಾಗಿ ಮುಂದೆ 3/16 ಇಂಚು, ಹಿಂದೆ 1/4 ಇಂಚಿನವು. ಆದರೆ ಹಬ್ಬಿನೊಳಗೆ ಕೂತಿರುವ ಕಪ್ಪನ್ನು ಚೆನ್ನಾಗಿ ಒರೆಸಿ ನೋಡಿ. ಬಾಲ್ಸ್ ಓಡಿದ ಜಾಡು ನುಣ್ಣಗೆ ಹೊಳೆಯುತ್ತಿದ್ದರೆ ಒಳ್ಳೆಯದು. ಸಿಡುಬಿನ ಕಲೆಯಂತೆ ಗುಳಿ ಬಿದ್ದಿದ್ದರೆ ಆ ಹಬ್ ಬೇಡ, ಹೊಸ ಬಾಲ್ಸ್ ಹಾಕಿದರೂ ಗುಳಿ ಹೋಗದು. ಕಡ್ಡಿಯ ತೂತು ಉದ್ದಕ್ಕೆ ಜಗ್ಗಿದ್ದರೆ, ಸುತ್ತ ಕೂದಲೆಳೆಯಷ್ಟು ಬಿರುಕಿದ್ದರೂ ಬೇಡ. ಮೇಲಿನ ಪದರದಲ್ಲಿ ಮಾತ್ರ ತುಕ್ಕಿದ್ದರೆ ಅದು ಅಂದದ ಪ್ರಶ್ನೆಯಷ್ಟೇ.

ಎಲ್ಲಿ ಹುಡುಕುವುದು?

ಮೊದಲು ನಿಮ್ಮದೇ ಹಳೆಯ ಗಾಲಿಯಲ್ಲಿ. ರಿಮ್ ಕೊಳೆತಿದ್ದರೂ ಹಬ್ ಗಟ್ಟಿಯಾಗಿರುವುದುಂಟು, ಗಾಲಿಯನ್ನು ಇಡಿಯಾಗಿ ತೂಕಕ್ಕೆ ಹಾಕಬೇಡಿ. ಆಮೇಲೆ ಗುಜರಿ ಅಂಗಡಿ, ಹಳೆಯ ಸೈಕಲ್ ಶಾಪಿನ ಮೂಲೆಯ ಡಬ್ಬ. ಮೂರು ಗೇರಿನ ಸ್ಟರ್ಮಿ-ಆರ್ಚರ್ ಎಡಬ್ಲ್ಯೂ ಹಬ್ ಸಿಕ್ಕರೆ ಮೈಮೇಲೆ ಒತ್ತಿರುವ ಅಂಕಿ ನೋಡಿ, ತಯಾರಾದ ವರ್ಷ ಮತ್ತು ತಿಂಗಳು ಅದರಲ್ಲಿರುತ್ತದೆ. 1936ರಲ್ಲಿ ಬಂದ ಈ ಹಬ್ಬಿನ ಕಂಪನಿ 2000ದಲ್ಲಿ ತೈವಾನಿನ ಸನ್‌ರೇಸ್ ಕೈಸೇರಿತು, ಹೊಸ ಮೂರು ಗೇರಿನ ಹಬ್ಬುಗಳು ಇಂದಿಗೂ ಬರುತ್ತಿವೆ. ಗೇರ್ ಬೇಡದವರಿಗೆ, ಅಳತೆ ಕೂಡಿಬಂದರೆ, ಗುಳಿ ಬಿದ್ದ ವಿದೇಶಿ ಹಬ್ಬಿಗಿಂತ ಹೊಸ ದೇಸಿ ಹಬ್ಬೇ ವಾಸಿ.

ಸೀಮೆಎಣ್ಣೆ ಬಿಟ್ಟರೆ ಸಾಕೇ?

ಸಾಲದು. ಸೀಮೆಎಣ್ಣೆ ಹಳೆಯ ಜಿಡ್ಡನ್ನು ತೊಳೆಯುತ್ತದೆ, ಜೊತೆಗೆ ಇರುವ ಗ್ರೀಸನ್ನೂ ಕರಗಿಸುತ್ತದೆ. ತೊಳೆದು ಒಣಗಿಸಿದ ಮೇಲೆ ಹೊಸ ಗ್ರೀಸ್ ತುಂಬಲೇಬೇಕು. ಕೊಬ್ಬರಿ ಎಣ್ಣೆಯೂ ಬೇಡ, ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಎಣ್ಣೆ ಬಿಡಲೆಂದೇ ಮುಚ್ಚಳವಿರುವ ಹಬ್ಬಿಗೆ ಮಾತ್ರ ತೆಳುವಾದ ಯಂತ್ರದ ಎಣ್ಣೆ ಬಿಡಿ.

ಕಟ್ಟಿದ ಗಾಲಿಯನ್ನು ಎತ್ತಿ ಹಿಡಿದು ಸುಮ್ಮನೆ ಬಿಡಿ. ವಾಲ್ವ್ ಇರುವ ಕಡೆ ತೂಕ ತುಸು ಹೆಚ್ಚು. ಅದು ತಾನಾಗಿ ಕೆಳಗೆ ಬಂದು ನಿಂತರೆ, ರಿಮ್ ಅತ್ತಿತ್ತ ಅಲ್ಲಾಡದಿದ್ದರೆ, ಕೋನ್ ಸರಿಯಾಗಿ ಬಿಗಿದಿದೆ ಎಂದರ್ಥ.