ಸತ್ತ ಕುದುರೆಗೂ ಬೆಲೆ ಕೊಟ್ಟ ಅರಸ

ಕೊಪ್ಪಳ ಜಿಲ್ಲೆಯ ಆನೆಗೊಂದಿಯಲ್ಲಿ ತುಂಗಭದ್ರೆಯ ದಡದಲ್ಲಿ ನಿಂತರೆ ಆಚೆ ಹಂಪಿಯ ಬಂಡೆಗಳು ಕಾಣುತ್ತವೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿನ ಹರಿಗೋಲುಗಳ ಬಗ್ಗೆ ಬರೆದಿದ್ದಾನೆ. ಚರ್ಮ ಹೊದಿಸಿದ ಆ ದುಂಡನೆಯ ದೋಣಿಗಳಲ್ಲಿ ಹದಿನೈದಿಪ್ಪತ್ತು ಜನ ಹೊಳೆ ದಾಟುತ್ತಿದ್ದರು. ಅಗತ್ಯ ಬಿದ್ದರೆ ಕುದುರೆಗಳನ್ನೂ ದಾಟಿಸುತ್ತಿದ್ದರು.

ಯುದ್ಧಕ್ಕೆ ಬೇಕಾದ ಉತ್ತಮ ಕುದುರೆಗಳು ಈ ನೆಲದವಲ್ಲ. ಅರೇಬಿಯಾ, ಪರ್ಷಿಯಾಗಳಿಂದ ಹಡಗೇರಿ, ಭಟ್ಕಳ, ಹೊನ್ನಾವರಗಳಲ್ಲಿ ಇಳಿದು, ಘಟ್ಟ ಹತ್ತಿ ಬರಬೇಕಿತ್ತು. ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಇನ್ನೊಬ್ಬ ಪೋರ್ಚುಗೀಸನಾದ ನ್ಯೂನಿಜ್ ಹೇಳುತ್ತಾನೆ. ಹೋರ್ಮುಝ್‌ನಿಂದ ಬಂದವುಗಳ ಜೊತೆ ನಾಡ ಕುದುರೆಗಳೂ ಇದರಲ್ಲಿ ಸೇರಿದ್ದವು. ಪೋರ್ಚುಗೀಸರು ಬರುವ ಮೊದಲು ಈ ಕಡಲ ವ್ಯಾಪಾರ ಹೆಚ್ಚಾಗಿ ಮುಸ್ಲಿಂ ವರ್ತಕರ ಕೈಯಲ್ಲಿತ್ತು.

ಇಷ್ಟು ಉದ್ದದ ಸರಪಳಿ ಎಲ್ಲಿ ಬೇಕಾದರೂ ಕಡಿಯಬಹುದು. 15ನೇ ಶತಮಾನದ ಉತ್ತರಾರ್ಧದಲ್ಲಿ ಅದು ಕಡಿದದ್ದು ಬಿರುಗಾಳಿಯಿಂದಲ್ಲ, ಮನುಷ್ಯರ ಕೈಯಿಂದಲೇ. ದಖ್ಖನಿನ ಸುಲ್ತಾನರಿಗೆ ಕುದುರೆ ಮಾರಿದರೆಂಬ ಕಾರಣಕ್ಕೆ ವಿಜಯನಗರದ ಆಜ್ಞೆಯಂತೆ ಭಟ್ಕಳದ ಮುಸ್ಲಿಂ ವರ್ತಕರ ಹತ್ಯೆ ನಡೆಯಿತೆಂದು ಪೋರ್ಚುಗೀಸ್ ಇತಿಹಾಸಕಾರ ಬಾರೋಸ್ ದಾಖಲಿಸಿದ್ದಾನೆ. ಬದುಕುಳಿದವರು ಗೋವಾ ಸೇರಿದರು. ಶತ್ರುವಿಗೆ ಕುದುರೆ ತಪ್ಪಿಸಲು ಹೋದವರು ವರ್ತಕರನ್ನೇ ಕಳೆದುಕೊಂಡರು!

ಕಡಿದುದನ್ನು ಜೋಡಿಸಲು ಬೇರೆಯೇ ದಾರಿ ಬೇಕಾಯಿತು. ಸಾಳುವ ನರಸಿಂಹ (1485–1491) ವರ್ತಕರು ಕೇಳಿದ ಬೆಲೆ ಕೊಟ್ಟ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಜೀವಂತ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದು ನ್ಯೂನಿಜ್ ಬರೆಯುತ್ತಾನೆ. ದಾರಿಯ ನಷ್ಟವನ್ನು ಅರಸನೇ ಹೊತ್ತಾಗ ವರ್ತಕ ಧೈರ್ಯದಿಂದ ಹಡಗು ಬಿಡುತ್ತಾನೆ. ಕೃಷ್ಣದೇವರಾಯನೂ ತನ್ನ ‘ಆಮುಕ್ತಮಾಲ್ಯದ’ದಲ್ಲಿ ಇದೇ ನೀತಿಯನ್ನು ಹೇಳುತ್ತಾನೆ: ಆನೆ, ಕುದುರೆ ತರುವ ಪರದೇಶಿ ವರ್ತಕರಿಗೆ ಮನೆ, ಮರ್ಯಾದೆ, ನ್ಯಾಯವಾದ ಲಾಭ ಕೊಟ್ಟರೆ ಆ ಸರಕು ಶತ್ರುವಿನ ಕಡೆಗೆ ಹೋಗದು.

ಆದರೆ ಅಷ್ಟರಲ್ಲಿ ಕಡಲಿನ ಯಜಮಾನರು ಬದಲಾಗುತ್ತಿದ್ದರು. ಪೋರ್ಚುಗೀಸರು 1510ರಲ್ಲಿ ಗೋವಾವನ್ನೂ 1515ರಲ್ಲಿ ಹೋರ್ಮುಝ್‌ಅನ್ನೂ ವಶಪಡಿಸಿಕೊಂಡರು. 1547ರಲ್ಲಿ ವಿಜಯನಗರ ಅವರೊಡನೆ ಒಪ್ಪಂದ ಮಾಡಿಕೊಂಡಿತು. ಗೋವಾದ ಕುದುರೆಗಳು ಬಿಜಾಪುರಕ್ಕೆ ಹೋಗದೆ ತನಗೇ ಬರಬೇಕೆಂಬುದು ಅದರ ಷರತ್ತು. ಅನೇಕ ಬಾಗಿಲುಗಳಿದ್ದ ಮನೆಗೆ ಈಗ ಒಂದೇ ಹೆಬ್ಬಾಗಿಲು, ಅದರ ಕೀಲಿಕೈ ಪರರಲ್ಲಿ. ಅವಲಂಬನೆ ಒಂದೇ ಕಡೆಯದಾಗಿರಲಿಲ್ಲ. 1565ರಲ್ಲಿ ವಿಜಯನಗರ ಪತನವಾದಾಗ ಗೋವಾದ ಸುಂಕದ ಆದಾಯಕ್ಕೂ ಭಾರೀ ಪೆಟ್ಟು ಬಿತ್ತು.

2020ರ ಲಾಕ್‌ಡೌನ್‌ನಲ್ಲಿ ಸರಕು ಸಾಗಾಟ ನಿಂತಾಗ ಪೂರೈಕೆ ಸರಪಳಿಯ ಮಾತು ಎಲ್ಲರ ಬಾಯಲ್ಲೂ ಬಂತು. ಉಗ್ರಾಣ ತುಂಬಿಸುವುದು, ಬದಲಿ ದಾರಿ ಹುಡುಕುವುದು ಅಗತ್ಯವೇ. ಆದರೆ ಸರಪಳಿಯ ಕೊಂಡಿಗಳು ಕೊನೆಗೂ ಮನುಷ್ಯರು. ಸರಕು ತರುವವನ ಧರ್ಮ ನೋಡಿ ಅವನನ್ನು ಸಂತೆಯಿಂದ ಹೊರಗಿಡುವ ಮಾತು ಕೇಳಿಬಂದಾಗಲೆಲ್ಲ ಭಟ್ಕಳವನ್ನೂ, ಸತ್ತ ಕುದುರೆಗೂ ಬೆಲೆ ಕೊಟ್ಟ ಅರಸನನ್ನೂ ಒಟ್ಟಿಗೇ ನೆನೆಯಬೇಕು.